ಅಟ್ಟದ ಕ್ಯಾಸೆಟ್, ಎಚ್‌ಡಿಎಂಐ ಸ್ಟಿಕ್, ರಾಸ್ಪ್‌ಬೆರಿ ಪೈ: ಮೂರರಲ್ಲೂ ಆಡಿ ನೋಡಿದೆ

ತೀರ್ಥಹಳ್ಳಿ ಹತ್ತಿರದ ನಮ್ಮ ಹಳೇ ಮನೆಯಲ್ಲಿ ಅಡುಗೆ ಒಲೆಯ ಮೇಲೊಂದು ಅಟ್ಟ ಇದೆ. ಹೋದ ಮಳೆಗಾಲದಲ್ಲಿ ವಾಟೆಹುಳಿ ಡಬ್ಬ ಇಳಿಸಲು ಹತ್ತಿದಾಗ ಅದರ ಹಿಂದೆ ನಮ್ಮ ವಿಡಿಯೋ ಗೇಮ್ ಸಿಕ್ಕಿತು. ಜೊತೆಗೆ ಏಳು ಕ್ಯಾಸೆಟ್. ಮೈಯೆಲ್ಲ ಮಸಿ. ಆದರೆ ಕ್ಯಾಸೆಟ್ ತಿರುಗಿಸಿ ನೋಡಿದರೆ ಪಿನ್‌ಗಳು ಚಿನ್ನದ ಬಣ್ಣದಲ್ಲೇ ಇದ್ದವು. ಶಿವಮೊಗ್ಗದ ಮನೆಯ ಬೀರುವಿನಲ್ಲಿದ್ದ ಎರಡಕ್ಕೆ ಹಸಿರು ಕಿಲುಬು ಹಿಡಿದಿತ್ತು. ಈ ಏಳನ್ನು ಒಲೆಯ ಬಿಸಿ ಕಾಪಾಡಿತ್ತು.

“ಎಸೆಯೋಕೆ ಮನಸ್ಸೇ ಬರ್ಲಿಲ್ಲ ಕಣೋ” ಅಂದರು ಅಮ್ಮ.

ಅಂದಿನಿಂದ ಹಳೇ ಆಟಗಳನ್ನು ಒಟ್ಟುಮಾಡುತ್ತಿದ್ದೇನೆ. ಅದೇ ಆಟಗಳನ್ನು ಮೂರು ಬೇರೆ ಬೇರೆ ದಾರಿಯಲ್ಲಿ ಆಡಿಯೂ ನೋಡಿದೆ.

ಮೊದಲು ಅಟ್ಟದ ಪೆಟ್ಟಿಗೆ. ನಮ್ಮ ಕಡೆ ಜಾಸ್ತಿ ಮಾರಾಟವಾಗಿದ್ದು, ನಿಂಟೆಂಡೋ 1983ರಲ್ಲಿ ಜಪಾನಿನಲ್ಲಿ ತಂದ ಫ್ಯಾಮಿಕಾಮ್ ಎಂಬ ಗೇಮ್ ಪೆಟ್ಟಿಗೆಯ ನಕಲುಗಳು. ನಮ್ಮದೂ ಅದೇ. ಪಿನ್‌ಗಳನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಇಯರ್‌ಬಡ್‌ನಲ್ಲಿ ಒರೆಸಿದೆ. ಚಿಕ್ಕವರಿದ್ದಾಗ ಬಾಯಿಂದ ಊದುತ್ತಿದ್ವಲ್ಲ, ಅದನ್ನು ಮಾತ್ರ ಮಾಡಬೇಡಿ. ಉಸಿರಿನ ತೇವವೇ ಪಿನ್ ತಿನ್ನುತ್ತದೆ. ಮಲೆನಾಡಿನ ಗಾಳಿಯಲ್ಲಿ ಇರುವ ತೇವವೇ ಸಾಕಲ್ವಾ?

ಇದನ್ನು ಹಳೇ ಡಬ್ಬಾ ಟಿವಿಗೆ ಜೋಡಿಸಿದೆ. ಗನ್ ಹಿಡಿದು ಬಾತುಕೋಳಿ ಹೊಡೆಯುವ ಡಕ್ ಹಂಟ್ ಆಡಬೇಕೆಂದರೆ ಬೇರೆ ದಾರಿಯೇ ಇಲ್ಲ. ಗನ್ ಒತ್ತಿದ ಕ್ಷಣ ಪರದೆ ಒಮ್ಮೆ ಕಪ್ಪಾಗಿ, ಮುಂದಿನ ಚಿತ್ರದಲ್ಲಿ ಬಾತುಕೋಳಿಯ ಜಾಗದಲ್ಲಿ ಬಿಳಿ ಚೌಕ ಬರುತ್ತದೆ. ಗನ್ ಆ ಬೆಳಕನ್ನು ಹುಡುಕುತ್ತದೆ. ಎಲ್‌ಇಡಿ ಟಿವಿಯಲ್ಲಿ ಚಿತ್ರ ಸ್ವಲ್ಪ ತಡವಾಗಿ ಬರುವುದರಿಂದ ಒಂದು ಗುಂಡೂ ತಾಗುವುದಿಲ್ಲ.

ಎರಡನೆಯದು ಆನ್‌ಲೈನಿನಲ್ಲಿ ತರಿಸಿದ, ಹೊಸ ಟಿವಿಗೆ ನೇರ ಸಿಕ್ಕಿಸುವ ಎಚ್‌ಡಿಎಂಐ ಸ್ಟಿಕ್. ಸಾವಿರಾರು ಆಟ, ವೈರ್ ಇಲ್ಲದ ಎರಡು ರಿಮೋಟ್. ಜೋಡಿಸುವುದು ತೀರಾ ಸುಲಭ. ಆದರೆ ಒಂದೇ ಆಟ ನಾಲ್ಕೈದು ಹೆಸರಲ್ಲಿದೆ. ಗುಂಡಿ ಒತ್ತಿದ ಮೇಲೆ ಮಾರಿಯೋ ಹಾರಲು ಒಂದು ಚೂರು ತಡ. ಹಳ್ಳದ ಅಂಚಲ್ಲಿ ಆ ಚೂರೇ ಜೀವ ತೆಗೆಯುತ್ತದೆ. ಎರಡು ವಾರ ಆಡಿ ಸ್ಟಿಕ್ ಎತ್ತಿಟ್ಟೆ.

ಮೂರನೆಯದು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್, ಅದರಲ್ಲಿ ಹಳೇ ಆಟಗಳನ್ನು ಆಡಿಸುವ ರೆಟ್ರೋಆರ್ಕ್ ಎಂಬ ಸಾಫ್ಟ್‌ವೇರ್. ಹೊಂದಿಸಲು ಒಂದು ಭಾನುವಾರ ಪೂರ್ತಿ ಹೋಯಿತು. ಎಲ್ಲಿ ಬೇಕೋ ಅಲ್ಲಿ ಸೇವ್ ಮಾಡಬಹುದು. ಜೆಲ್ಡಾದಂಥ ಉದ್ದದ ಆಟಕ್ಕೆ ಇದೇ ಸರಿ. ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದ ನಮಗಂತೂ ಇದು ದೊಡ್ಡ ಅನುಕೂಲ.

ಆದರೂ ಪೈನಲ್ಲಿ ಮೊದಲ ದಿನ ಏನೋ ಸರಿಯಿಲ್ಲ ಅನ್ನಿಸಿತು. ಮಾರಿಯೋ ಓಡುವುದು ಜೋರು, ಹಾಡೂ ಜೋರು. ನನ್ನ ನೆನಪೇ ತಪ್ಪೇನೋ ಅಂದುಕೊಂಡು ಅಟ್ಟದ ಪೆಟ್ಟಿಗೆಯನ್ನು ಪಕ್ಕದಲ್ಲೇ ಹಚ್ಚಿ ನೋಡಿದೆ. ನೆನಪು ಸರಿಯಾಗಿತ್ತು. ನಮ್ಮ ಟಿವಿಗಳದು ಪಾಲ್ ಪದ್ಧತಿ, ಸೆಕೆಂಡಿಗೆ 50 ಚಿತ್ರ. ಜಪಾನ್, ಅಮೆರಿಕದಲ್ಲಿ 60. ಈ ಆಟಗಳು ಚಿತ್ರ ಎಣಿಸಿಯೇ ಹೆಜ್ಜೆ ಇಡುತ್ತವೆ. ಹಾಗಾಗಿ ನಮ್ಮ ಪೆಟ್ಟಿಗೆಯಲ್ಲಿ ಆಟ ಆರರಲ್ಲಿ ಒಂದು ಪಾಲು ನಿಧಾನ. ನಾವು ಬೆಳೆದದ್ದು ಆ ನಿಧಾನದ ಮಾರಿಯೋ ಜೊತೆ. ನನಗೆ ಬೇಕಾದದ್ದೂ ಅದೇ.

ಇದಕ್ಕೂ ಪೈನಲ್ಲಿ ಉಪಾಯವಿದೆ. ಸೆಟ್ಟಿಂಗ್ಸ್‌ನಲ್ಲಿ ರೀಜನ್ ಅನ್ನು ‘ಡೆಂಡಿ’ ಎಂದು ಬದಲಿಸಿದೆ. ಅದು ರಷ್ಯಾದಲ್ಲಿ 1992ರಿಂದ ಮಾರುತ್ತಿದ್ದ ಇಂಥದ್ದೇ ನಕಲಿನ ಹೆಸರು. ಬದಲಿಸಿದ ಕೂಡಲೇ ಹಾಡು ನಮ್ಮ ಮನೆಯ ಹಾಡಾಯಿತು. ಸ್ಟಿಕ್‌ನಲ್ಲಿ ಇಂಥ ಸೆಟ್ಟಿಂಗೇ ಸಿಗಲಿಲ್ಲ.

ಹಾಗಾಗಿ ಒಬ್ಬನೇ ಆಡಲು ಪೈ ಇಟ್ಟುಕೊಂಡಿದ್ದೇನೆ. ಚಿಕ್ಕಪ್ಪನ ಮಗ ಬಂದರೆ ಮಾತ್ರ ಡಬ್ಬಾ ಟಿವಿ, ಅಟ್ಟದ ಪೆಟ್ಟಿಗೆ, ನಾಮ್ಕೋದ 1985ರ ಬ್ಯಾಟಲ್ ಸಿಟಿ. ನಮಗದು ಟ್ಯಾಂಕ್ ಗೇಮ್. ಒಟ್ಟು 35 ಲೆವೆಲ್. ಶತ್ರು ಟ್ಯಾಂಕ್‌ಗಳಿಂದ ಕಾಪಾಡಬೇಕಾದ ಹದ್ದಿನ ಗುರುತನ್ನು ಅವನು ಕಾಯುತ್ತಾನೆ, ನಾನು ಮುಂದೆ ಹೋಗುತ್ತೇನೆ. ಮೂವತ್ತು ವರ್ಷದ ಹಿಂದೆಯೂ ಹಾಗೇ ಹಂಚಿಕೊಂಡಿದ್ವಿ.

ಕ್ಯಾಸೆಟ್ ಕೊಳ್ಳುವವರಿಗೆ ಎರಡು ಮಾತು. ನಮ್ಮ ಪೆಟ್ಟಿಗೆಗಳಿಗೆ 60 ಪಿನ್ನಿನ ಕ್ಯಾಸೆಟ್ ಬೇಕು. ಅಮೆರಿಕದ ಬೂದು ಬಣ್ಣದ ಕ್ಯಾಸೆಟ್‌ಗೆ 72 ಪಿನ್, ಅಡಾಪ್ಟರ್ ಇಲ್ಲದೆ ಹೊಂದುವುದಿಲ್ಲ. ಮತ್ತೆ ‘9999999 ಇನ್ 1’ ಅಂತ ಬರೆದಿದ್ದರೆ ಸುಮ್ನೆ ದುಡ್ಡು ಕೊಡಬೇಡಿ. ಒಳಗೆ ಇರುವುದು ಕೆಲವೇ ಆಟ. ಉಳಿದವೆಲ್ಲ ಅವೇ ಆಟಗಳು ಬೇರೆ ಲೆವೆಲ್‌ನಿಂದ ಶುರುವಾಗುವುದು.

ಏಳು ಕ್ಯಾಸೆಟ್ ಈಗ ಹನ್ನೊಂದಾಗಿವೆ. ಸಿಲಿಕಾ ಜೆಲ್ ಪೊಟ್ಟಣ ಹಾಕಿ ಸ್ಟೀಲ್ ಡಬ್ಬದಲ್ಲಿಟ್ಟಿದ್ದೇನೆ. ರೋಡ್ ಫೈಟರ್ ಒಂದು ಇನ್ನೂ ಸಿಕ್ಕಿಲ್ಲ. ಸಾಗರ, ಹೊಸನಗರ ಕಡೆ ಯಾರ ಮನೆ ಅಟ್ಟದಲ್ಲಾದರೂ ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ, ನಾನೇ ಬಂದು ತಗೊಳ್ತೀನಿ.