ಮೀಟಿಯರ್ 350ರಿಂದ ಮೇಲಕ್ಕೆ: ನಾಲ್ಕು ದೊಡ್ಡ ಕ್ರೂಸರ್‌ಗಳ ಟೆಸ್ಟ್ ರೈಡ್, ಒಂದರ ದೀರ್ಘ ಬಳಕೆ

ದೊಡ್ಡ ಕ್ರೂಸರ್ (ತಗ್ಗಿನ ಸೀಟಿನಲ್ಲಿ ಹಾಯಾಗಿ ಕೂತು ದೂರ ಹೋಗುವ ಬೈಕು) ಕೊಳ್ಳಲು ಹೊರಟ ಹೆಚ್ಚಿನವರು ಟೆಸ್ಟ್ ರೈಡ್ ಎಂದರೆ ಖಾಲಿ ರಸ್ತೆ ಹುಡುಕಿ ಆಕ್ಸಿಲರೇಟರ್ ತಿರುವುವುದು ಎಂದುಕೊಂಡಿರುತ್ತಾರೆ. ದೊಡ್ಡ ಎಂಜಿನ್ ಜೋರಾಗಿ ಓಡುತ್ತದೆ ಎಂದು ತಿಳಿಯಲು ಷೋರೂಮಿಗೆ ಹೋಗಬೇಕಾಗಿಲ್ಲ. ಸಣ್ಣ ಗಾಡಿಗೆ ಒಗ್ಗಿದ ಮೈಗೆ ಪರೀಕ್ಷೆ ಎದುರಾಗುವುದು ಗಂಟೆಗೆ ಹತ್ತು ಕಿಲೋಮೀಟರಿಗಿಂತ ಕಡಿಮೆ ವೇಗದಲ್ಲಿ, ಅಥವಾ ಎಂಜಿನ್ ಆರಿಸಿ ಕೈಯಲ್ಲಿ ತಳ್ಳುವಾಗ. ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ನಾಲ್ಕು ಗಾಡಿಗಳನ್ನು ಓಡಿಸಿ ನೋಡಿದೆ, ಒಂದನ್ನು ಮನೆಗೆ ತಂದೆ. ಅದು ಸಾಕಷ್ಟು ಬಿಸಿಲು ಮಳೆ ಕಂಡ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ.

ಮೊದಲು ಹಳೆಯ ಗಾಡಿಯ ವಿಚಾರ. ರಾಯಲ್ ಎನ್‌ಫೀಲ್ಡ್ ಮೀಟಿಯರ್ 350, ಬೇಸರ ಬಂದು ಬಿಟ್ಟ ಗಾಡಿಯಲ್ಲ. 349 ಸಿಸಿಯ ಒಂದೇ ಸಿಲಿಂಡರ್, ಸುಮಾರು 20 ಬಿಎಚ್‌ಪಿ ಶಕ್ತಿ, 27 ನ್ಯೂಟನ್ ಮೀಟರ್ ಟಾರ್ಕ್ (ಎಂಜಿನ್ನಿನ ತಿರುಗಿಸುವ ಬಲ), 191 ಕೆಜಿ ತೂಕ. ಸಿಲಿಂಡರಿನ ಅಗಲ 72 ಮಿ.ಮೀ., ಪಿಸ್ಟನ್ ಚಲಿಸುವ ದೂರ 85.8 ಮಿ.ಮೀ. ಅಗಲಕ್ಕಿಂತ ಓಟ ಉದ್ದವಾದ ಇಂಥ ಎಂಜಿನ್ ಕಡಿಮೆ ಆರ್‌ಪಿಎಮ್‌ನಲ್ಲಿಯೇ ಎಳೆಯುತ್ತದೆ, ಅವಸರಪಡಿಸಿದರೆ ಮುನಿಸಿಕೊಳ್ಳುತ್ತದೆ. ಎಂಬತ್ತು ತೊಂಬತ್ತರ ವೇಗದಲ್ಲಿ ದಿನವಿಡೀ ಹಾಯಾಗಿ ಹೋಗಬಹುದು. ಆದರೆ ಹಿಂದೆ ಹೆಂಡತಿ, ಪಕ್ಕದಲ್ಲಿ ಚೀಲಗಳು, ಮುಂದೆ ಏರುದಾರಿಯಲ್ಲಿ ಹೊಗೆಯುಗುಳುವ ಲಾರಿ ಎಂದಾಗ, ಹಿಂದಿಕ್ಕುವ ಮುನ್ನ ಎದುರಿನ ರಸ್ತೆಯನ್ನು ಎರಡೆರಡು ಸಲ ಅಳೆಯಬೇಕಾಗುತ್ತಿತ್ತು. ದೊಡ್ಡದು ಬೇಕೆನ್ನಿಸಿದ್ದು ಅಲ್ಲಿ. ಒಬ್ಬನೇ ಓಡಾಡುವವನಾಗಿದ್ದರೆ ಬಹುಶಃ ಬದಲಿಸುತ್ತಿರಲಿಲ್ಲ.

ಕಾಗದದ ಮೇಲಿನ ಅಂಕಿಗಳು ಎಷ್ಟು ದಾರಿ ತಪ್ಪಿಸುತ್ತವೆ ನೋಡಿ. ಮೀಟಿಯರ್ 350ರ ಸೀಟಿನ ಎತ್ತರ 765 ಮಿ.ಮೀ. ನಾನು ಓಡಿಸಿ ನೋಡಿದ ನಾಲ್ಕರಲ್ಲಿ ರಾಯಲ್ ಎನ್‌ಫೀಲ್ಡಿನದೇ ಸೂಪರ್ ಮೀಟಿಯರ್ 650ರದ್ದು 740, ಕವಾಸಾಕಿ ವಲ್ಕನ್ ಎಸ್‌ನದ್ದು 705, ಹೋಂಡಾ ರೆಬೆಲ್ 1100ರದ್ದು 700, ಬಿಎಂಡಬ್ಲ್ಯು ಆರ್ 18ರದ್ದು 690. ಗಾಡಿ ದೊಡ್ಡದಾದಷ್ಟೂ ಸೀಟು ಕೆಳಗಿಳಿಯುತ್ತಿದೆ! ಕುಳ್ಳಗಿರುವವರು ಇದನ್ನು ಓದಿ ಹಿಗ್ಗುವುದು ಸಹಜ. ಆದರೆ ಸೀಟು ಅಗಲವಾದರೆ ತೊಡೆಗಳು ದೂರ ಸರಿಯುತ್ತವೆ, ಎತ್ತರದಲ್ಲಿ ಉಳಿದದ್ದು ಅಗಲದಲ್ಲಿ ಹೋಗುತ್ತದೆ. ತೂಕದ ಪಟ್ಟಿ ಇನ್ನೂ ವಿಚಿತ್ರ. 650ರ ಸೂಪರ್ ಮೀಟಿಯರ್ 241 ಕೆಜಿ, ವಲ್ಕನ್ ಎಸ್ 235ರ ಆಸುಪಾಸು, 1100ರ ರೆಬೆಲ್ ಕ್ಲಚ್ ಇರುವ ಮಾದರಿಯಲ್ಲಿ 223. ಸಿಸಿ ನೋಡಿ ಭಾರ ಊಹಿಸುವಂತಿಲ್ಲ. ಆರ್ 18ರ 345 ಕೆಜಿ ಮಾತ್ರ ಯಾರ ಊಹೆಗೂ ಮೋಸ ಮಾಡುವುದಿಲ್ಲ.

ಹಾಗಾಗಿ ಪ್ರತಿ ಷೋರೂಮಿನಲ್ಲೂ ಮೊದಲು ಮಾಡಿದ್ದು ತಳ್ಳಿ ನೋಡುವ ಕೆಲಸ. "ಸ್ಟಾರ್ಟ್ ಮಾಡಿ ಕೊಡಲೇ ಸರ್?" ಎಂದು ಕೇಳಿದ ಹುಡುಗನಿಗೆ "ಈಗಲೇ ಬೇಡಪ್ಪ, ಮೊದಲು ತಳ್ಳುತ್ತೇನೆ" ಎಂದೆ. "ತಳ್ಳುವುದಕ್ಕೆ ಯಾರಾದರೂ ಗಾಡಿ ಕೊಳ್ಳುತ್ತಾರೆಯೇ ಸರ್?" ಎಂದು ನಕ್ಕ. ಕೊಂಡವರೆಲ್ಲರೂ ದಿನಾ ತಳ್ಳುತ್ತಾರೆ. ಸೈಡ್ ಸ್ಟ್ಯಾಂಡಿನಿಂದ ಗಾಡಿ ಎತ್ತುವಾಗ ಹ್ಯಾಂಡಲ್ ಎಡಕ್ಕೆ ತಿರುಗಿಯೇ ಇರುತ್ತದೆ. ಅದನ್ನು ನೇರ ಮಾಡಿ, ಮುಂದಿನ ಬ್ರೇಕ್ ಹಿಡಿದು, ಸೊಂಟದಿಂದ ಒತ್ತಿದರೆ ಗಾಡಿ ಮೇಲೇಳುತ್ತದೆ. ಒಂದು ಕೋನದವರೆಗೆ ತೋಳಿಗೆ ಪೂರಾ ಭಾರ, ಅದನ್ನು ದಾಟುತ್ತಿದ್ದಂತೆ ಏನೂ ಇಲ್ಲ, ಇನ್ನೊಂದಿಷ್ಟು ಅತ್ತ ಹೋದರೆ ಬಲಗಾಲಿನ ಮೇಲೆ ಮತ್ತೆ ಅಷ್ಟೇ ಭಾರ. ನಡುವಿನ ಆ ಹಗುರ ಜಾಗ ಎಷ್ಟು ಅಗಲವಾಗಿದೆ ಎಂಬುದೇ ಮುಖ್ಯ. ಮೀಟಿಯರ್ 350ರಲ್ಲಿ ಅದು ಧಾರಾಳವಾಗಿತ್ತು. ಆಮೇಲೆ ಸೀಟಿನ ಮೇಲೆ ಕೂತು, ಎರಡೂ ಕಾಲಿನಲ್ಲಿ ಒದ್ದು, ಹಿಂದಕ್ಕೆ ಸರಿಸಬೇಕು. ಸಾಧ್ಯವಾದರೆ ಸ್ವಲ್ಪ ಏರಿರುವ ಕಡೆಗೆ. ಹೆಬ್ಬೆರಳು ಮಾತ್ರ ನೆಲಕ್ಕೆ ತಾಗುತ್ತಿದ್ದರೆ ಇಲ್ಲಿಯೇ ತಿಳಿದುಹೋಗುತ್ತದೆ.

ವಲ್ಕನ್ ಎಸ್‌ ಈ ಪರೀಕ್ಷೆಯಲ್ಲಿ ಸುಲಭವಾಗಿ ಗೆದ್ದಿತು. ಸೊಂಟದ ಬಳಿ ಸೀಟು ಕಿರಿದಾಗಿದೆ, ಎರಡೂ ಪಾದ ಪೂರ್ತಿ ಊರುತ್ತವೆ. ಫುಟ್‌ಪೆಗ್‌ಗಳನ್ನು ನಡುವಿನ ಸ್ಥಾನದಿಂದ 25 ಮಿ.ಮೀ. ಮುಂದಕ್ಕೂ ಹಿಂದಕ್ಕೂ ಸರಿಸಿ ಕೂರಿಸುವ ಏರ್ಪಾಡಿದೆ, ನಿಜಕ್ಕೂ ಉಪಯೋಗದ್ದು. ಎಂಜಿನ್ ಕವಾಸಾಕಿಯದೇ ಸ್ಪೋರ್ಟ್ಸ್ ಬೈಕ್ ನಿಂಜಾ 650ರ ವಂಶದ್ದು, 649 ಸಿಸಿ. ಕ್ರೂಸರ್‌ಗೆ ಹೊಂದುವಂತೆ ಎಂಜಿನ್ನಿನ ಓಟ ಸಮ ಇಡುವ ಫ್ಲೈವೀಲ್ ಚಕ್ರವನ್ನು ಭಾರ ಮಾಡಿದ್ದಾರೆ. ಆದರೂ ಹುಟ್ಟುಗುಣ ಹೋಗಿಲ್ಲ. ಟಾರ್ಕ್ ಪೂರ್ತಿ ಸಿಗಬೇಕಾದರೆ 6,600 ಆರ್‌ಪಿಎಮ್‌ವರೆಗೆ ಕಾಯಬೇಕು. ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕ್ ಲಂಬದಿಂದ 31 ಡಿಗ್ರಿ ಓರೆಯಾಗಿರುವುದರಿಂದ ನೇರ ರಸ್ತೆಯಲ್ಲಿ ಹಳಿಯ ಮೇಲೆ ಹೋದಂತೆ ಹೋಗುತ್ತದೆ. ಕಡಿಮೆ ವೇಗದಲ್ಲಿ ಯು ತಿರುವು ತೆಗೆದುಕೊಂಡಾಗ ಮಾತ್ರ ಮುಂದಿನ ಚಕ್ರ ತಾನೇ ಒಳಕ್ಕೆ ಬೀಳಲು ನೋಡುತ್ತದೆ. ಓರೆ ಹೆಚ್ಚಿದಂತೆಲ್ಲ ಎಲ್ಲ ಕ್ರೂಸರ್‌ಗಳಲ್ಲೂ ಕಾಣುವ ಗುಣವಿದು. ಉದ್ದನೆಯ ರಸ್ತೆಯಲ್ಲೇ ಟೆಸ್ಟ್ ರೈಡ್ ಮುಗಿಸಿದವರಿಗೆ ಇದರ ಸುಳಿವು ಸಿಗುವುದಿಲ್ಲ.

ರೆಬೆಲ್ 1100ರಲ್ಲಿ ನನಗೆ ಸಿಕ್ಕಿದ್ದು ಡಿಸಿಟಿ ಮಾದರಿ. ಕ್ಲಚ್ ಲಿವರ್ ಇಲ್ಲ, ಗೇರ್ ತಾನೇ ಬದಲಾಗುತ್ತದೆ. ಹೋಂಡಾದ ಇನ್ನೊಂದು ಬೈಕ್ ಆಫ್ರಿಕಾ ಟ್ವಿನ್‌ನಿಂದ ಬಂದ 1,084 ಸಿಸಿ ಎಂಜಿನ್ ಇದು, 98 ನ್ಯೂಟನ್ ಮೀಟರ್ ಟಾರ್ಕ್ 4,750 ಆರ್‌ಪಿಎಮ್‌ನಲ್ಲೇ ಸಿಗುತ್ತದೆ. ಇಷ್ಟು ಶಕ್ತಿ ಇಷ್ಟು ಹಗುರ ಮೈಯಲ್ಲಿ! ಮನಸ್ಸು ಅಲ್ಲಿಯೇ ಜಾರಿತ್ತು. ಆದರೆ ನಿಧಾನದ ತಿರುವಿನಲ್ಲಿ ಎಡಗೈ ಪದೇ ಪದೇ ಇಲ್ಲದ ಕ್ಲಚ್ ಹುಡುಕುತ್ತಿತ್ತು. ಅರ್ಧ ಕ್ಲಚ್ ಹಿಡಿದು ಗಾಡಿಯನ್ನು ತೆವಳಿಸುವ ಕಲೆ ಇಲ್ಲಿ ನಡೆಯುವುದಿಲ್ಲ, ಹಿಂದಿನ ಬ್ರೇಕಿನಲ್ಲೇ ನಿಭಾಯಿಸಬೇಕು. ಎಂಜಿನ್ ಆರಿಸಿದ ಮೇಲೆ ಗಾಡಿಯನ್ನು ಗೇರಿನಲ್ಲಿ ಬಿಟ್ಟು ಹೋಗುವಂತಿಲ್ಲವಾದ್ದರಿಂದ ಪಾರ್ಕಿಂಗ್ ಬ್ರೇಕ್ ಕೊಟ್ಟಿದ್ದಾರೆ, ಇಳಿಜಾರಿನಲ್ಲಿ ಅದನ್ನು ನೆನಪಿಟ್ಟು ಎಳೆಯಬೇಕು. ಒಬ್ಬರೇ ಓಡಾಡುವವರು, ಹೊಸ ಅಭ್ಯಾಸಕ್ಕೆ ಹೆದರದವರು ಕಣ್ಣು ಮುಚ್ಚಿ ಕೊಳ್ಳಬಹುದು. ಹಿಂದಿನ ಸೀಟನ್ನು ನೋಡಿ ನನ್ನ ಹೆಂಡತಿ ಏನೂ ಹೇಳಲಿಲ್ಲ. ಅದೇ ಉತ್ತರವಾಗಿತ್ತು.

ಆರ್ 18ನ್ನು ಕೊಳ್ಳುವ ಉದ್ದೇಶ ಇರಲಿಲ್ಲ, ಕುತೂಹಲವಷ್ಟೇ. 1,802 ಸಿಸಿ, ಎರಡು ಬದಿಗೂ ಚಾಚಿದ ಸಿಲಿಂಡರ್‌ಗಳು, 3,000 ಆರ್‌ಪಿಎಮ್‌ನಲ್ಲಿ 158 ನ್ಯೂಟನ್ ಮೀಟರ್. ನಿಂತಲ್ಲೇ ಆಕ್ಸಿಲರೇಟರ್ ಒಮ್ಮೆ ತಿರುವಿದರೆ ಇಡೀ ಗಾಡಿ ಪಕ್ಕಕ್ಕೆ ಕೊಂಚ ಹೊರಳಿ ವಾಪಸು ಬರುತ್ತದೆ, ಏಕೆಂದರೆ ಎಂಜಿನ್ನಿನೊಳಗೆ ತಿರುಗುವ ದಂಡವಾದ ಕ್ರ್ಯಾಂಕ್ ಗಾಡಿಯ ಉದ್ದಕ್ಕೆ ಮಲಗಿದೆ. ಚಕ್ರದಿಂದ ಚಕ್ರಕ್ಕೆ 1,731 ಮಿ.ಮೀ. ಅಂತರ. ಹಿಂದಕ್ಕೆ ಸರಿಸಲು ವಿದ್ಯುತ್ ನೆರವಿನ ರಿವರ್ಸ್ ಐಚ್ಛಿಕವಾಗಿ ದೊರೆಯುತ್ತದೆ. ಅದಿಲ್ಲದ ಆರ್ 18ನ್ನು ಯಾರು ಕೊಳ್ಳುತ್ತಾರೋ ನಾನರಿಯೆ. ಸಿಲಿಂಡರ್‌ಗಳು ಮೊಳಕಾಲಿನ ಕೆಳಗೆ ಅಡ್ಡ ಇರುವುದರಿಂದ ಕಾಲು ಮುಂದಕ್ಕೆ ಚಾಚುವಂತೆಯೂ ಇಲ್ಲ. ಇಳಿಯುವಾಗ ನಗು ಬಂದಿತ್ತು, ಆಸೆ ಬರಲಿಲ್ಲ.

ಕೊನೆಗೆ ತಂದದ್ದು ಸೂಪರ್ ಮೀಟಿಯರ್ 650. ಇದರ 648 ಸಿಸಿ ಜೋಡಿ ಸಿಲಿಂಡರ್ ಎಂಜಿನ್ 2018ರಲ್ಲಿ ಅದೇ ಕಂಪನಿಯ ಇನ್ನೊಂದು ಬೈಕ್ ಇಂಟರ್‌ಸೆಪ್ಟರ್‌ನೊಂದಿಗೆ ಬಂದದ್ದು. ಸುಮಾರು 46 ಬಿಎಚ್‌ಪಿ ಶಕ್ತಿ, 52.3 ನ್ಯೂಟನ್ ಮೀಟರ್ ಟಾರ್ಕ್, ಆರು ಗೇರ್. ಹಳೆಯದರ ಗುಡುಗುಡು ಇಲ್ಲಿ ಸಿಗುತ್ತದೆ ಎಂದುಕೊಂಡು ಬರುವವರು ನಿರಾಶರಾಗುತ್ತಾರೆ. ಇಲ್ಲಿ ಸಿಲಿಂಡರಿನ ಅಗಲ 78, ಓಟ 67.8 ಮಿ.ಮೀ., ಸ್ವಭಾವವೇ ತಿರುಗುಮುರುಗು. 270 ಡಿಗ್ರಿ ಕ್ರ್ಯಾಂಕ್‌ನಿಂದಾಗಿ ಸದ್ದಿಗೆ ಒಂದು ತೊದಲು ಇದೆ, ನನಗೆ ಇಷ್ಟ. ಕ್ಲಚ್ ಹಗುರ, ಅರ್ಧ ಹಿಡಿದು ಹಿಂದಿನ ಬ್ರೇಕ್ ಮೆಲ್ಲಗೆ ಒತ್ತಿ ಯು ತಿರುವು ತೆಗೆಯುವುದು ಮೊದಲ ದಿನವೇ ಕೈಗೆ ಬಂತು. ಹ್ಯಾಂಡಲ್ ತಿರುಗಿಸಿದ ಸ್ಥಿತಿಯಲ್ಲಿ ಮುಂದಿನ ಬ್ರೇಕ್ ಮುಟ್ಟಿದರೆ ಮಾತ್ರ ಭಾರವೆಲ್ಲ ಒಳಬದಿಗೆ ಬಿದ್ದು ಗಾಡಿ ಮಲಗುತ್ತದೆ. ಇದು ಎಲ್ಲ ಬೈಕಿಗೂ ನಿಜ, ಭಾರದ ಬೈಕಿಗೆ ಹೆಚ್ಚು ನಿಜ. ಹಳೆಯದಕ್ಕೂ ಇದಕ್ಕೂ ತೂಕದ ವ್ಯತ್ಯಾಸ ಸರಿಯಾಗಿ ಐವತ್ತು ಕೆಜಿ. ಅಂದರೆ ಒಂದು ಸಿಮೆಂಟ್ ಮೂಟೆಯನ್ನು ಸದಾ ಹೊತ್ತುಕೊಂಡು ತಿರುಗಿದಂತೆ. ಓಡುವಾಗ ಮೂಟೆ ಮಾಯವಾಗುತ್ತದೆ, ನಿಂತಾಗ ಪ್ರತ್ಯಕ್ಷವಾಗುತ್ತದೆ.

ಟೆಸ್ಟ್ ರೈಡ್ ಕೊಡುವ ರೀತಿಯ ಬಗ್ಗೆ ಒಂದು ಮಾತು. ಒಂದು ಷೋರೂಮಿನಲ್ಲಿ ನಾಲ್ಕು ಬಲ ತಿರುವುಗಳ ಚೌಕಾಕಾರದ ದಾರಿ, ಮುಂದೆ ಅವರದೇ ಗಾಡಿ, ಹತ್ತು ನಿಮಿಷದಲ್ಲಿ ವಾಪಸು. ಟಯರಿನಲ್ಲಿ ಗಾಳಿ ಕಡಿಮೆಯಿತ್ತು, ಹಿಂದಿನ ಶಾಕ್ ಅಬ್ಸಾರ್ಬರಿನ ಪ್ರಿಲೋಡ್ (ಹೊರೆಗೆ ತಕ್ಕಂತೆ ಸ್ಪ್ರಿಂಗ್ ಬಿಗಿಮಾಡುವ ಏರ್ಪಾಡು) ಯಾರದೋ ತೂಕಕ್ಕೆ ಬಿಗಿಯಾಗಿತ್ತು, ಕನ್ನಡಿಯಲ್ಲಿ ಆಕಾಶ ಕಾಣುತ್ತಿತ್ತು. ಅಂಥ ಗಾಡಿ ಓಡಿಸಿ ಅಭಿಪ್ರಾಯ ಕಟ್ಟಿಕೊಂಡರೆ ಅದು ಆ ಗಾಡಿಯ ಮೇಲಿನ ಅಭಿಪ್ರಾಯವಷ್ಟೇ, ಮಾದರಿಯ ಮೇಲಿನದ್ದಲ್ಲ. ಗಾಳಿ ನೋಡಿಸಿ, ಪ್ರಿಲೋಡ್ ಕೇಳಿ, ಹಿಂದೆ ಕೂರುವವರನ್ನು ಜೊತೆಗೆ ಕರೆದೊಯ್ದು ಹೊರಡಿ. ಒಲ್ಲೆವೆಂದರೆ ಬಾಡಿಗೆಗೆ ಸಿಗುವಲ್ಲಿ ಒಂದು ದಿನದ ಮಟ್ಟಿಗೆ ಪಡೆದು ಓಡಿಸುವುದೇ ಮೇಲು.

ಇನ್ನು ಟೆಸ್ಟ್ ರೈಡ್‌ನಲ್ಲಿ ಕಾಣಿಸದೆ ಆಮೇಲೆ ಬೆಳಕಿಗೆ ಬಂದದ್ದು. ಮೊದಲನೆಯದು ನೆಲದಿಂದಿರುವ ಅಂತರ. 350ರಲ್ಲಿ 170 ಮಿ.ಮೀ. ಇತ್ತು, ಇದರಲ್ಲಿ 135. ಒಬ್ಬನೇ ಇದ್ದಾಗ ರಸ್ತೆ ಉಬ್ಬುಗಳ ನೆನಪೂ ಆಗುವುದಿಲ್ಲ. ಇಬ್ಬರು ಕೂತು ಚೀಲ ಹಾಕಿದರೆ ಎತ್ತರದ ಉಬ್ಬನ್ನು ಓರೆಯಾಗಿ ದಾಟಬೇಕು, ಇಲ್ಲವೆಂದರೆ ಹೊಟ್ಟೆ ಕೆರೆಯುವ ಸದ್ದು ಕೇಳಿಸುತ್ತದೆ. ಹಿಂದಿನ ಸಸ್ಪೆನ್ಷನ್ನಿನ ಚಲನೆ 101 ಮಿ.ಮೀ. ಮಾತ್ರ. ಕಾಲು ಮುಂದೆ ಚಾಚಿ ಕೂರುವ ಯಾವ ಕ್ರೂಸರಿನಲ್ಲೂ ಗುಂಡಿ ಬಂದಾಗ ಪೆಗ್ ಮೇಲೆ ಎದ್ದು ನಿಲ್ಲುವಂತಿಲ್ಲ, ಬರುವ ಪೆಟ್ಟೆಲ್ಲ ಬೆನ್ನುಮೂಳೆಗೆ. ನುಣುಪಾದ ಹೆದ್ದಾರಿಯಲ್ಲಿ ಟೆಸ್ಟ್ ರೈಡ್ ಮಾಡಿದರೆ ಇದೂ ತಿಳಿಯುವುದಿಲ್ಲ. ಪ್ರಿಲೋಡನ್ನು ಇಬ್ಬರ ತೂಕಕ್ಕೆ ಏರಿಸಿದ ಮೇಲೆ ಎರಡೂ ತೊಂದರೆ ಅರ್ಧಕ್ಕಿಳಿದವು.

ನಿಲ್ಲಿಸುವ ಅಭ್ಯಾಸ ಪೂರ್ತಿ ಬದಲಾಗಿದೆ. ಈಗ ಗಾಡಿ ನಿಲ್ಲಿಸುವ ಮುನ್ನ ನೆಲದ ಇಳಿಜಾರು ನೋಡುತ್ತೇನೆ. ಗೋಡೆಯ ಕಡೆಗೆ ಇಳಿಜಾರಿದ್ದು, ಮೂತಿ ಒಳಗಿಟ್ಟು ನಿಲ್ಲಿಸಿದರೆ, 241 ಕೆಜಿಯನ್ನು ಏರಿನಲ್ಲಿ ಹಿಂದಕ್ಕೆ ಎಳೆಯಲು ಇನ್ನೊಬ್ಬರು ಬೇಕು. ಹಾಗಾಗಿ ಮೊದಲೇ ತಿರುಗಿಸಿ, ಹಿಂದಿನ ಚಕ್ರ ಗೋಡೆಯತ್ತ ಇಟ್ಟು, ಗೇರಿನಲ್ಲಿ ಬಿಡುತ್ತೇನೆ. ಸೈಡ್ ಸ್ಟ್ಯಾಂಡ್ ಊರುವ ಜಾಗ ಮೆತ್ತಗಿದ್ದರೆ ಕೆಳಗೊಂದು ಚಪ್ಪಟೆ ಕಲ್ಲು. ನನ್ನ ಗಾಡಿಗೆ ಸೆಂಟರ್ ಸ್ಟ್ಯಾಂಡ್ ಇಲ್ಲದ್ದರಿಂದ ಚೈನಿಗೆ ಎಣ್ಣೆ ಹಾಕುವುದೂ ಒಂದು ವ್ರತವೇ ಆಗಿದೆ. ಒಂದು ಗೇಣು ಚೈನಿಗೆ ಹಾಕು, ಗಾಡಿ ಸ್ವಲ್ಪ ಮುಂದೆ ತಳ್ಳು, ಮತ್ತೆ ಬಗ್ಗು. ಕಡೆಗೆ ಹಿಂದಿನ ಚಕ್ರವನ್ನಷ್ಟೇ ಎತ್ತುವ ಪ್ಯಾಡಕ್ ಸ್ಟ್ಯಾಂಡ್ ತಂದೆ.

ಯಾವುದಕ್ಕಾಗಿ ಬದಲಿಸಿದೆನೋ ಅದು ಮಾತ್ರ ನೂರಕ್ಕೆ ನೂರು ಸಿಕ್ಕಿದೆ. ಏರುದಾರಿ, ಇಬ್ಬರು, ಲಾರಿ: ಒಂದು ಗೇರ್ ಇಳಿಸಿದರೆ ಸಾಕು, ಲಾರಿ ಕನ್ನಡಿಯಲ್ಲಿರುತ್ತದೆ. ನೂರರ ವೇಗದಲ್ಲಿ ಎಂಜಿನ್ ಉಸಿರು ಬಿಗಿಹಿಡಿಯುವುದಿಲ್ಲ, ಕೈಗೆ ನಡುಕವಿಲ್ಲ. ಇಂಧನದ ಲೆಕ್ಕ ನಿರೀಕ್ಷಿಸಿದ್ದೇ. ಹಳೆಯದು ಲೀಟರಿಗೆ ಮೂವತ್ತೈದರ ಹತ್ತಿರ ಕೊಡುತ್ತಿತ್ತು, ಇದು ಇಪ್ಪತ್ತೈದರ ಸುತ್ತ. 15.7 ಲೀಟರಿನ ಟ್ಯಾಂಕ್ ಇರುವುದರಿಂದ ಮುನ್ನೂರು ದಾಟಿದ ಮೇಲೆ ಬಂಕ್ ಹುಡುಕಿದರಾಯಿತು, ಅಷ್ಟರಲ್ಲಿ ಇಳಿಯುವುದು ಹೇಗೂ ಬೇಕಾಗಿರುತ್ತದೆ.

ಏಕೆಂದರೆ ಸೀಟು. ಹತ್ತು ನಿಮಿಷದ ಟೆಸ್ಟ್ ರೈಡ್‌ನಲ್ಲಿ ಮೆತ್ತನೆಯ ಸೀಟಿಗಿಂತ ದೊಡ್ಡ ಮೋಸಗಾರ ಇಲ್ಲ. ಮೆತ್ತನೆಯ ಫೋಮ್ ಬೇಗ ತಗ್ಗುತ್ತದೆ, ಒಂದೂವರೆ ಗಂಟೆಯ ಹೊತ್ತಿಗೆ ಕೂತಿರುವುದು ಸೀಟಿನ ತಳದ ಮೇಲೆಯೇ ಅನ್ನಿಸುತ್ತದೆ. ಕಾಲು ಮುಂದಿರುವಾಗ ಮೈಭಾರವೆಲ್ಲ ಬಾಲಮೂಳೆಯ ಸುತ್ತ ಸೇರುವುದರಿಂದ ಕ್ರೂಸರ್‌ಗಳಲ್ಲಿ ಈ ನೋವು ಬೇಗ ಬರುತ್ತದೆ. ಗಟ್ಟಿ ಫೋಮ್ ಹಾಕಿಸಬೇಕೆಂದು ನಾನು ಹೇಳುತ್ತಿದ್ದೇನೆ, ಹಿಂದಿನ ಭಾಗ ಈಗಿರುವಂತೆಯೇ ಇರಲಿ ಎಂದು ಹೆಂಡತಿ ಹೇಳುತ್ತಿದ್ದಾಳೆ. ಸೀಟು ಹೊಲಿಯುವವರು ಎರಡು ಭಾಗಕ್ಕೂ ಬೇರೆ ಬೇರೆ ಫೋಮ್ ಹಾಕಬಹುದು ಎಂದಿದ್ದಾರೆ, ಮುಂದಿನ ಸರ್ವಿಸಿಗೆ ಬಿಡುವಾಗ ಸೀಟು ಕಳಚಿ ಅವರಿಗೆ ಕೊಡಬೇಕು.