ಆರ್ಕಿಟೆಕ್ಚರ್ ಮೆಂಟರ್ ಹತ್ತಿರ 8 ವಾರ: ಕೊಟ್ಟ ದುಡ್ಡಿಗೆ ಏನು ಸಿಕ್ಕಿತು?

ನಾನು ಬಿ.ಆರ್ಕ್ ಮೂರನೇ ವರ್ಷ, ಊರು ಬೆಂಗಳೂರು. ಹೋದ ಸೆಮಿಸ್ಟರ್ ಸ್ಟುಡಿಯೋದಲ್ಲಿ, ಅಂದರೆ ಕಟ್ಟಡ ಡಿಸೈನ್ ಮಾಡುವ ಕ್ಲಾಸಿನಲ್ಲಿ, ನಮಗೆ ಕೊಟ್ಟಿದ್ದು ತೀರ್ಥಹಳ್ಳಿ ಹತ್ತಿರದ ಒಂದು ಹಳ್ಳಿಗೆ ಗ್ರಂಥಾಲಯ. ಕ್ಲಾಸಿನಲ್ಲಿ ನಲವತ್ತು ಜನ ಇದ್ದೇವೆ, ಒಬ್ಬೊಬ್ಬರ ಶೀಟ್ ಮುಂದೆ ಹತ್ತು ನಿಮಿಷ ನಿಲ್ಲಲು ಮೇಷ್ಟ್ರಿಗೆ ಆಗುವುದಿಲ್ಲ, ಅದು ಅವರ ತಪ್ಪೂ ಅಲ್ಲ. ಹಾಗಾಗಿ ಸೀನಿಯರ್ ಒಬ್ಬರು ಹೇಳಿದ ಆರ್ಕಿಟೆಕ್ಟ್ ಮೇಡಂ ಹತ್ತಿರ ಹೋದೆ. 8 ವಾರ, ವಾರಕ್ಕೆ ಎರಡು ಸಲ ಒಂದೂವರೆ ಗಂಟೆ, ಒಟ್ಟು 12,000 ರೂಪಾಯಿ. ಅವರ ಹೆಸರು ಇಲ್ಲಿ ಹಾಕುತ್ತಿಲ್ಲ. ಆದರೆ ಇಂಥ ಮೆಂಟರಿಂಗ್‌ಗೆ ದುಡ್ಡು ಹಾಕಬೇಕಾ ಅಂತ ಜೂನಿಯರ್‌ಗಳು ಕೇಳುತ್ತಲೇ ಇರುತ್ತಾರೆ, ಅವರಿಗಾಗಿ ಬರೆಯುತ್ತಿದ್ದೇನೆ.

ಮೊದಲ ದಿನವೇ ಕಂಪ್ಯೂಟರ್‌ನಲ್ಲಿ ಮಾಡಿದ ಸ್ಕೆಚ್‌ಅಪ್ ಮಾಡೆಲ್, ಕಟ್ಟಿದ ಮೇಲೆ ಹೇಗೆ ಕಾಣುತ್ತದೆ ಅಂತ ತೋರಿಸುವ ನಾಲ್ಕು ರೆಂಡರ್ ಎಲ್ಲ ರೆಡಿ ಮಾಡಿಕೊಂಡು ಹೋಗಿದ್ದೆ. ಓದುವ ಕೋಣೆ ಪಶ್ಚಿಮಕ್ಕೆ, ಗದ್ದೆ ಕಾಣಲಿ ಅಂತ ನೆಲದಿಂದ ಮಾಡಿನವರೆಗೆ ಗಾಜು. ಮೇಡಂ ಎಲ್ಲವನ್ನೂ ಸಮಾಧಾನದಿಂದ ನೋಡಿ ಒಂದೇ ಪ್ರಶ್ನೆ ಕೇಳಿದರು: "ಇರಚಲು ಎಲ್ಲಿವರೆಗೆ ಬರುತ್ತೆ?"

ನನಗೆ ಆ ಪದವೇ ಗೊತ್ತಿರಲಿಲ್ಲ. ಮಲೆನಾಡಲ್ಲಿ ಮಳೆ ನೆಟ್ಟಗೆ ಬೀಳುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ನೈಋತ್ಯದಿಂದ ಬೀಸುತ್ತದೆ, ಮಳೆ ಅದರ ಜೊತೆ ಓರೆಯಾಗಿ ಒಳಗೆ ನುಗ್ಗುತ್ತದೆ. ಹಾಗೆ ನುಗ್ಗುವ ನೀರೇ ಇರಚಲು. ನನ್ನ ಗಾಜಿನ ಗೋಡೆ ಸರಿಯಾಗಿ ಆ ಗಾಳಿಗೇ ಎದೆ ಕೊಟ್ಟು ನಿಂತಿತ್ತು, ಅದರ ಪಕ್ಕದಲ್ಲೇ ಪುಸ್ತಕದ ಕಪಾಟು!

"ಇನ್ನೆರಡು ವಾರ ಕಂಪ್ಯೂಟರ್ ಮುಟ್ಟಬೇಡ. ಕುಪ್ಪಳಿಗೆ ಹೋಗಿ ಕವಿಮನೆಯಲ್ಲಿ ಸುಮ್ನೆ ಕೂತು ಬಾ. ಟೇಪ್ ಬೇಡ, ಕಣ್ಣಲ್ಲೇ ಅಳೆ" ಅಂದರು. ನನಗೆ ಸಿಟ್ಟು ಬಂತು. ಬಸ್ ಖರ್ಚು ನನ್ನದೇ, ಎರಡು ಕ್ಲಾಸಿನ ದುಡ್ಡೂ ಹೋಯಿತು ಅನ್ನಿಸಿತ್ತು. ಆದರೂ ಹೋದೆ. ಹೊರಗೆ ಜಡಿಮಳೆ, ಒಳಗೆ ನಡುವಿನ ಅಂಗಳಕ್ಕೆ ನಾಲ್ಕೂ ಕಡೆಯ ಸೂರಿನಿಂದ ನೀರು ಸುರಿಯುತ್ತಿತ್ತು. ಸುತ್ತ ಮರದ ಕಂಬದ ಸಾಲಿನ ಹಿಂದೆ ಜನ ಒಣಗಿದ ಬಟ್ಟೆಯಲ್ಲೇ ಓಡಾಡುತ್ತಿದ್ದರು. ಮಾಡು ಅಷ್ಟು ಕೆಳಗೆ ಇಳಿದಿರುವುದು ಯಾಕೆ, ಗೋಡೆಗೂ ಮಳೆಗೂ ನಡುವೆ ಜಗಲಿ ಇರುವುದು ಯಾಕೆ ಅನ್ನುವುದು ಅಲ್ಲಿ ಒಂದು ಗಂಟೆ ಕೂತಿದ್ದಕ್ಕೇ ತಿಳಿಯಿತು. ಫೋಟೋದಲ್ಲಿ ಆ ಮನೆಯನ್ನು ಎಷ್ಟು ಸಲ ನೋಡಿದ್ದೆನೋ, ಒಂದು ಸಲವೂ ಇದು ಹೊಳೆದಿರಲಿಲ್ಲ.

ವಾಪಸ್ ಬಂದು ಬಟರ್ ಪೇಪರ್ ಮೇಲೆ ಮೊದಲು ಬರೆದಿದ್ದು ಪ್ಲಾನ್ ಅಲ್ಲ, ಸೆಕ್ಷನ್, ಅಂದರೆ ಕಟ್ಟಡವನ್ನು ಮೇಲಿಂದ ಕೆಳಗೆ ಸೀಳಿದರೆ ಕಾಣುವ ಚಿತ್ರ. ಪಶ್ಚಿಮಕ್ಕೆ ಅಗಲದ ಜಗಲಿ ಬಂತು. ಅಲ್ಲಿ ಚಪ್ಪಲಿ, ಒದ್ದೆ ಕೊಡೆ, ಪೇಪರ್ ಓದುವ ಅಜ್ಜಂದಿರು. ಪುಸ್ತಕಗಳು ಒಳಗಿನ ಒಣ ಜಾಗಕ್ಕೆ ಹೋದವು. ಗದ್ದೆ ಈಗಲೂ ಕಾಣುತ್ತದೆ, ಜಗಲಿಯ ನೆರಳಿನೊಳಗಿನಿಂದ.

ಇನ್ನೊಂದು ಪಾಠ ಬೆಳಕಿನದ್ದು. ಉತ್ತರಕ್ಕೆ ಕಿಟಕಿ ಇಟ್ಟರೆ ನೇರ ಬಿಸಿಲು ಬರುವುದಿಲ್ಲ ಅಂತ ನಾವೆಲ್ಲ ಬಾಯಿಪಾಠ ಮಾಡಿಕೊಂಡಿದ್ದೇವೆ, ಅಲ್ವಾ? ಅದು ನಮಗಿಂತ ತುಂಬಾ ಉತ್ತರದಲ್ಲಿರುವ ದೇಶಗಳ ಲೆಕ್ಕ. ತೀರ್ಥಹಳ್ಳಿ ಇರುವುದು 14 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಅಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕೇ ಇರುತ್ತಾನೆ. ಮೇಡಂ ಇದನ್ನು ಹೇಳಿಕೊಡಲಿಲ್ಲ. ಮೌಂಟ್ ಬೋರ್ಡ್ ಮಾಡೆಲ್ ಮೇಲೆ ನನ್ನ ಕೈಯಲ್ಲೇ ಟಾರ್ಚ್ ಹಿಡಿಸಿ, ತಿಂಗಳು ತಿಂಗಳಿಗೆ ತಿರುಗಿಸಿ ನೋಡಿಸಿದರು. ಮೇ ತಿಂಗಳಿಗೆ ಬಂದಾಗ ಉತ್ತರದ ಕಿಟಕಿಯಿಂದ ಮೇಜಿನ ಅಂಚಿಗೆ ಬೆಳಕಿನ ಪಟ್ಟಿ ಬಿತ್ತು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಒಂದು ವಿಷಯ. 8 ವಾರದಲ್ಲಿ ಒಂದು ಸಲವೂ ಅವರು ನನ್ನ ಶೀಟ್ ಮೇಲೆ ಗೆರೆ ಎಳೆಯಲಿಲ್ಲ. ಅಟ್ಟಕ್ಕೆ ಹೋಗುವ ಮೆಟ್ಟಿಲು ತಪ್ಪಾಗಿದ್ದಾಗಲೂ "ಇಲ್ಲಿ ನೀನೇ ಹತ್ತು, ಹತ್ತನೇ ಮೆಟ್ಟಿಲಲ್ಲಿ ನಿನ್ನ ತಲೆ ಎಲ್ಲಿರುತ್ತೆ ಹೇಳು" ಅಂದರು ಅಷ್ಟೇ. ಲೆಕ್ಕ ಹಾಕಿದರೆ ತಲೆ ತೊಲೆಗೆ ಹೊಡೆಯುತ್ತಿತ್ತು. ಮೆಟ್ಟಿಲನ್ನು ತಿರುಗಿಸಿದ್ದು ನಾನೇ, ಹಾಗಾಗಿ ಈ ಕಟ್ಟಡ ಪೂರ್ತಿ ನನ್ನದು ಅಂತ ಧೈರ್ಯವಾಗಿ ಹೇಳಬಲ್ಲೆ.

ಈಗ ಬೇಸರದ ವಿಷಯ. ಅವರದ್ದೇ ಸೈಟ್‌ನಲ್ಲಿ ಕಾಂಕ್ರೀಟ್ ಹಾಕುವ ದಿನ ಬಂದರೆ ನಮ್ಮ ಕ್ಲಾಸ್ ಮುಂದಕ್ಕೆ ಹೋಗುತ್ತದೆ. ನನಗೆ ಮೂರು ಸಲ ಹೀಗಾಯಿತು, ಅದರಲ್ಲೊಂದು ಜ್ಯೂರಿಯ (ಪರೀಕ್ಷಕರ ಮುಂದೆ ನಮ್ಮ ಡಿಸೈನ್ ವಿವರಿಸುವ ದಿನ) ಹಿಂದಿನ ವಾರ. ತಪ್ಪಿದ ಕ್ಲಾಸ್‌ಗಳನ್ನು ಆಮೇಲೆ ತೆಗೆದುಕೊಂಡರು, ನಿಜ, ಆದರೆ ಆ ವಾರದ ಹೆದರಿಕೆ ನನಗೇ ಗೊತ್ತು. ಇನ್ನೊಂದು, ಸ್ಟ್ರಕ್ಚರ್ ಬಗ್ಗೆ ಮಾತು ಶುರುವಾಗಿದ್ದೇ ಆರನೇ ವಾರ. ನಾನು ನಡುವೆ ಕಂಬವಿಲ್ಲದೆ 9 ಮೀಟರ್ ಮರದ ಟ್ರಸ್ (ಮಾಡು ಹೊರುವ ತ್ರಿಕೋನಗಳ ಚೌಕಟ್ಟು) ಹಾಕಿದ್ದೆ. ಜ್ಯೂರಿಯಲ್ಲಿ "ಇಷ್ಟು ಮರ ಎಲ್ಲಿಂದ ತರ್ತೀಯ, ಯಾರು ಮಾಡಿಕೊಡ್ತಾರೆ" ಅಂತ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ, ಮಾರ್ಕ್ಸ್ ಹೋಗಿದ್ದು ಅಲ್ಲೇ. ಮೂರನೇ ವಾರವೇ ಇದನ್ನು ಎತ್ತಬೇಕಿತ್ತು ಅಂತ ಮೇಡಂಗೂ ಹೇಳಿದೆ, ಅವರು ಒಪ್ಪಿಕೊಂಡರು.

ಆಟೋಕ್ಯಾಡ್, ರೆಂಡರಿಂಗ್ ಕಲಿಯಬೇಕು ಅನ್ನುವವರಿಗೆ ಇದು ಅಲ್ಲ, ಅದಕ್ಕೆ ಬೇರೆ ಕೋರ್ಸ್ ನೋಡಿ. ಸಬ್ಮಿಷನ್‌ಗೆ ಎರಡು ವಾರ ಇರುವಾಗ ಹೋದರೂ ಪ್ರಯೋಜನವಿಲ್ಲ. ಸೆಮಿಸ್ಟರ್ ಶುರುವಲ್ಲೇ ಹೋಗಿ, ಸ್ಟ್ರಕ್ಚರ್ ಬಗ್ಗೆ ಮೊದಲ ವಾರದಿಂದಲೇ ನೀವಾಗಿಯೇ ಕೇಳಿ. ದುಡ್ಡು ಎರಡು ಕಂತಿನಲ್ಲಿ ಕೊಡಬಹುದು.

ನಾನಂತೂ ಈ ಸಲವೂ ಸೇರಿದ್ದೇನೆ. ಈ ಸೆಮಿಸ್ಟರ್ ಕೊಟ್ಟಿರುವುದು ಹಾಸ್ಟೆಲ್. ಮೇಡಂ ಮೊದಲ ಕೆಲಸ ಹೇಳಿಯಾಗಿದೆ: ಒಂದು ವಾರ ಬೆಳಿಗ್ಗೆ ಆರಕ್ಕೇ ಎದ್ದು, ಸ್ನಾನಕ್ಕೆ ಕಾಯುವ ಹುಡುಗಿಯರು ಬಕೆಟ್ ಎಲ್ಲಿ ಇಡುತ್ತಾರೆ ಅಂತ ನೋಡಿ ಬರೆದುಕೊಂಡು ಬರಬೇಕು.