ಖಡೇಬಜಾರಿನ ದುರ್ಬೀನು: ಗಾಜು ಚಿನ್ನ, ಪಟ್ಟಿ ಮಣ್ಣು

ಡೆನ್ವರ್‌ನಲ್ಲಿರುವ ಕಾಕಾನ ಮಗ ಅಮೆರಿಕದ ಕೊಲೊರಾಡೋದಲ್ಲಿ ಮೊದಲ ಸಲ ಎಲ್ಕ್, ಮ್ಯೂಲ್ ಡೀರ್ ಎಂಬ ಜಿಂಕೆಗಳ ಬೇಟೆಗೆ ಹೊರಟಿದ್ದಾನೆ. ನಮ್ಮಲ್ಲಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆಯ ಮಾತೇ ಇಲ್ಲ, ನಾನು ಸುಮ್ನೆ ನೋಡಲು ಜೊತೆಗೆ ಹೋಗುತ್ತಿದ್ದೇನೆ. ಅದಕ್ಕೇ ಬೆಳಗಾವಿಯ ಖಡೇಬಜಾರಿನಲ್ಲಿ ಒಂದು 10×42 ದುರ್ಬೀನು (10 ಪಟ್ಟು ದೊಡ್ಡದಾಗಿ ತೋರಿಸುವ, ಮುಂದಿನ ಗಾಜು 42 ಮಿ.ಮೀ. ಅಗಲದ್ದು) ಕೊಂಡೆ.

ಯಳ್ಳೂರಿನ ರಾಜಹಂಸಗಡ ಹತ್ತಿ ಮುಸ್ಸಂಜೆ ನೋಡಿದೆ. ಕೆಳಗೆ ಗದ್ದೆಯಲ್ಲಿ ಎಮ್ಮೆ ಕಿವಿ ಅಲ್ಲಾಡಿಸಿದ್ದು, ಅದರ ಬೆನ್ನ ಮೇಲಿನ ಬೆಳ್ಳಕ್ಕಿ ಕಾಲು ಬದಲಿಸಿದ್ದು, ಬರಿಗಣ್ಣಿಗೆ ಎಮ್ಮೆಯೇ ಕಾಣದ ಹೊತ್ತಿನಲ್ಲೂ ಸ್ಪಷ್ಟವಾಗಿತ್ತು. ಎಲ್ಕ್ ಮೇಯಲು ಬಯಲಿಗೆ ಬರುವುದು ಜಾಸ್ತಿ ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಅಲ್ವಾ, ಹಾಗಾಗಿ ನನಗೆ ಬೇಕಿದ್ದೂ ಇದೇ. ಆದರೆ 10 ಪಟ್ಟು ಅಂದರೆ ಕೈ ನಡುಕವೂ 10 ಪಟ್ಟು. ಮೊಣಕೈಯನ್ನು ಕೋಟೆ ಗೋಡೆಗೆ ಊರಿದ ಮೇಲೇ ಚಿತ್ರ ನಿಂತಿತು.

ಪಟ್ಟಿ ಮಾತ್ರ ದಂಡ. ಕುತ್ತಿಗೆ ಕೊಯ್ಯುತ್ತದೆ, ಎರಡನೇ ದಿನಕ್ಕೇ ಬಕಲ್ ಕಿತ್ತು ಬಂತು. ಅಂಗಡಿಗೆ ಒಯ್ದರೆ "ಪಟ್ಟಿಗೆ ಗ್ಯಾರಂಟಿ ಇಲ್ರಿ ಸರ್" ಎಂದರು. ಚಪ್ಪಲಿ ಹೊಲಿಯುವವರ ಹತ್ತಿರ ಚರ್ಮದ್ದು ಮಾಡಿಸಿಕೊಂಡೆ, 80 ರೂಪಾಯಿ.

ಕೊಲೊರಾಡೋದಲ್ಲಿ ರೈಫಲ್ ಬೇಟೆಗೆ, ಬೇರೆ ಬೇಟೆಗಾರರ ಕಣ್ಣಿಗೆ ಬೀಳಲಿ ಎಂದು, ಕಡೇಪಕ್ಷ 500 ಚದರ ಇಂಚು ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಬಟ್ಟೆ ಕಡ್ಡಾಯ. ನಾನೂ ಒಂದು ಹಾಕಿಕೊಳ್ಳೋಣ ಎಂದು ಅದೇ ಅಂಗಡಿಯಲ್ಲಿ ಕೇಳಿದೆ. ರಸ್ತೆ ಕೆಲಸದವರ ಜಾಕೆಟ್ ತೆಗೆದು ತೋರಿಸಿದರು!